ಸುಮ್ಮನೆ ಕೂರುವ ಮಗಳ ಬಗ್ಗೆ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯ ಸಚಿವರೇ,

ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ಇಬ್ಬರು ಮಕ್ಕಳ ತಾಯಿ. ಇಬ್ಬರಿಗೂ ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲದಿರುವುದು, ಅತಿಯಾದ ಓಡಾಟ, ಇಲ್ಲವೇ ಎರಡೂ ಇರುವ ತೊಂದರೆ. ಮಗನಿಗೆ ಇದೆ ಅಂತ ಗೊತ್ತಾಗಿದ್ದು ಅವನು ಒಂದನೇ ತರಗತಿಯಲ್ಲಿದ್ದಾಗ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ಮಗಳಿಗೆ ಇದೆ ಅಂತ ಗೊತ್ತಾಗಿದ್ದು ಅವಳು ಒಂಬತ್ತನೇ ತರಗತಿಗೆ ಬಂದ ಮೇಲೆ. ಒಂದೇ ಮನೆ, ಒಂದೇ ಶಾಲೆ. ಆದರೂ ಒಬ್ಬನದು ತಕ್ಷಣ ಕಂಡಿತು, ಇನ್ನೊಬ್ಬಳದು ವರ್ಷಗಟ್ಟಲೆ ಯಾರಿಗೂ ಕಾಣಲಿಲ್ಲ. ಅದು ಯಾಕೆ ಅಂತ ನಿಮಗೆ ಹೇಳಬೇಕು.

ಮಗನ ವಿಷಯ ಸುಲಭ. ಪ್ರಾರ್ಥನೆ ಹೊತ್ತಿಗೆ ಸಾಲು ಬಿಟ್ಟು ಓಡುತ್ತಿದ್ದ. ಕಾಂಪೌಂಡ್ ಹತ್ತುತ್ತಿದ್ದ. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತಿದ್ದ. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಬಡಿಯುತ್ತಾ ಮುಂದೆ ನುಗ್ಗುತ್ತಿದ್ದ. ಒಂದೇ ತಿಂಗಳಲ್ಲಿ ಶಾಲೆಯಿಂದ ಮೂರು ಸಲ ಕರೆ ಬಂತು. ಅತ್ತೆ ಮಾತ್ರ, "ಇವರಪ್ಪನೂ ಹೀಗೇ ಇದ್ದ, ಸರಿಹೋಗ್ತಾನೆ ಬಿಡು" ಅಂದರು. ಆಮೇಲೆ ತಿಳಿಯಿತು, ಆ ಮಾತಿನ ಮೊದಲರ್ಧ ನಿಜ. ಇದು ವಂಶದಲ್ಲಿ ಹರಿದು ಬರುವಂಥದ್ದು.

ಅರಸೀಕೆರೆಯಿಂದ ಬೆಳಗಿನ ರೈಲು ಹತ್ತಿ ನಿಮ್ಹಾನ್ಸ್‌ಗೆ ಹೋದೆವು. ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ ಅಂತ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ತಮ್ಮನ ಫೈಲ್ ಅವಳ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊ" ಅಂದಿದ್ದೆ. ಡಾಕ್ಟರ್ ಹತ್ತಿರ ಮಾತು ಮುಗಿಸಿ, ಗೇಟಿನವರೆಗೆ ಬಂದು ನೋಡಿದರೆ ಅವಳ ಕೈ ಖಾಲಿ. ಫೈಲ್ ಬೆಂಚಿನ ಮೇಲೇ ಉಳಿದಿತ್ತು. ನಾನು ಅಲ್ಲೇ, ಜನರ ಮುಂದೆ, "ಎಲ್ಲಿರುತ್ತೆ ನಿನ್ನ ಜ್ಞಾನ?" ಅಂತ ಬೈದೆ. ಎಡಿಎಚ್‌ಡಿ ಅಂತ ಬರೆದ ಫೈಲನ್ನೇ ಮರೆತು ಬಂದ ಮಗುವನ್ನು ಬೈದು, ಅವಳ ತಮ್ಮನಿಗೆ ಚಿಕಿತ್ಸೆ ಶುರು ಮಾಡಿದೆ. ಇಂದಿಗೂ ಅದು ನೆನಪಾದರೆ ಹೊಟ್ಟೆ ತೊಳಸಿದಂತಾಗುತ್ತದೆ.

ವೈದ್ಯರು ನಮಗೆ ವಿವರಿಸಿದ್ದನ್ನು ಸರಳವಾಗಿ ಹೇಳುತ್ತೇನೆ. ಎಡಿಎಚ್‌ಡಿಯಲ್ಲಿ ಮೂರು ಬಗೆ. ಒಂದರಲ್ಲಿ ಓಡಾಟ, ಆತುರ ಜಾಸ್ತಿ. ಪುಟ್ಟ ಮಕ್ಕಳಲ್ಲಿ ಎದ್ದು ಕಾಣುವುದು ಇದೇ. ಇನ್ನೊಂದರಲ್ಲಿ ಓಡಾಟ ಅಷ್ಟಾಗಿ ಇರುವುದಿಲ್ಲ, ಗಮನ ಮಾತ್ರ ನಿಲ್ಲುವುದಿಲ್ಲ. ಮೂರನೆಯದು ಎರಡೂ ಬೆರೆತದ್ದು, ನನ್ನ ಮಗನದು ಇದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ ಇದೆಯಲ್ಲ, ಅದು 1980ರಲ್ಲೇ ಓಡಾಟ ಇಲ್ಲದ ಮಕ್ಕಳಲ್ಲೂ ಗಮನದ ಕೊರತೆ ಇರಬಹುದು ಅಂತ ಬರೆದಿತ್ತು. ನಾನಿನ್ನೂ ಶಾಲೆ ಮೆಟ್ಟಿಲು ಹತ್ತಿರಲಿಲ್ಲ ಆಗ. 2013ರ ಐದನೇ ಆವೃತ್ತಿಯಲ್ಲಿ ಈ ಮೂರನ್ನು ಬೇರೆ ಬೇರೆ ಕಾಯಿಲೆ ಅನ್ನುವ ಹಾಗೆ ನೋಡದೆ, ಕಾಣಿಸಿಕೊಳ್ಳುವ ರೀತಿ ಅಂತ ಕರೆದರು. ಯಾಕೆಂದರೆ ಅದೇ ಮಗು ಬೆಳೆಯುತ್ತಾ ಬದಲಾಗುತ್ತದೆ. ನನ್ನ ಮಗ ಈಗ ಎಂಟನೇ ತರಗತಿ. ಕಾಂಪೌಂಡ್ ಹತ್ತುವುದಿಲ್ಲ. ಡೆಸ್ಕಿನ ಕೆಳಗೆ ಕಾಲು ಮಾತ್ರ ಹೊಲಿಗೆ ಮಿಷನ್ ತುಳಿದ ಹಾಗೆ ಆಡುತ್ತಲೇ ಇರುತ್ತದೆ.

ಇನ್ನು ಮಗಳು. ಅವಳು ಮೂರನೇ ಬೆಂಚಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದಳು. ಗಲಾಟೆ ಇಲ್ಲ, ಎದುರು ಮಾತು ಇಲ್ಲ. ಒಂದು ವರ್ಷದಲ್ಲಿ ಏಳು ನೀರಿನ ಬಾಟಲಿ ಕಳೆದಳು. ಗಣಿತದಲ್ಲಿ ಗುಣಾಕಾರ ಸರಿ ಮಾಡಿ, ದಶಕ ಕೂಡುವುದನ್ನು ಬಿಟ್ಟು, ಉತ್ತರ ತಪ್ಪು ಬರೆಯುತ್ತಿದ್ದಳು. ಏಳನೇ ತರಗತಿಯ ಒಂದು ಕಿರು ಪರೀಕ್ಷೆಯ ಹಾಳೆ ನನ್ನ ಹತ್ತಿರ ಈಗಲೂ ಇದೆ. ಮುಂಭಾಗದ ಪ್ರಶ್ನೆಗಳಿಗೆಲ್ಲ ಉತ್ತರ ಸರಿ. ಹಿಂಭಾಗ ಪೂರ್ತಿ ಖಾಲಿ. "ಹಿಂದೆ ಪ್ರಶ್ನೆ ಇತ್ತಾ ಅಮ್ಮ?" ಅಂತ ಕೇಳಿದಳು. ನನಗೆ ಅದು ನಾಟಕ ಅನ್ನಿಸಿತ್ತು.

ಅದೇ ಹುಡುಗಿ ಸಂಕ್ರಾಂತಿ ಹಿಂದಿನ ರಾತ್ರಿ ರಂಗೋಲಿಗೆ ಕೂತರೆ ಎರಡು ಗಂಟೆ ತಲೆ ಎತ್ತುವುದಿಲ್ಲ. ಒಂದು ಚುಕ್ಕಿ ತಪ್ಪುವುದಿಲ್ಲ. "ಅದಕ್ಕೆ ಬರೋ ಗಮನ ಪುಸ್ತಕಕ್ಕೆ ಬರಲ್ವಾ? ಎಲ್ಲಾ ಕೊಬ್ಬು" ಅಂತ ನೆಂಟರು ಹೇಳಿದ್ದಕ್ಕೆ ನಾನೂ ಹೂಂಗುಟ್ಟಿದ್ದೇನೆ. ಎಡಿಎಚ್‌ಡಿ ಅಂದರೆ ಗಮನವೇ ಇಲ್ಲ ಅಂತಲ್ಲ. ಬೇಕಾದ ಕಡೆ, ಬೇಕಾದ ಹೊತ್ತಿಗೆ ಅದನ್ನು ತಿರುಗಿಸಲು ಆಗುವುದಿಲ್ಲ. ಇಷ್ಟವಾದದ್ದಕ್ಕೆ ಅಂಟಿಕೊಂಡರೆ ಬಿಡಿಸಲೂ ಆಗುವುದಿಲ್ಲ.

ಅವಳ ಮೂರನೇ ತರಗತಿಯಿಂದ ಎಂಟನೇ ತರಗತಿವರೆಗಿನ ಅಂಕಪಟ್ಟಿಗಳನ್ನು ಮೊನ್ನೆ ಹಾಸಿಗೆ ಮೇಲೆ ಹರಡಿಕೊಂಡು ನೋಡಿದೆ. ಷರಾ ಜಾಗದಲ್ಲಿ ಆರು ವರ್ಷವೂ ಹೆಚ್ಚು ಕಡಿಮೆ ಒಂದೇ ಮಾತು: "ಜಾಣೆ, ಆದರೆ ಗಮನ ಕೊಡುವುದಿಲ್ಲ." ನೋಡಿ ಸರ್, ಕಾಯಿಲೆಯ ಹೆಸರನ್ನೇ ಬೇರೆ ಬೇರೆ ಕೈಬರಹದಲ್ಲಿ ಬರೆದು ಕಳಿಸಿದ್ದರು. ಬರೆದವರಿಗೆ ಗೊತ್ತಿರಲಿಲ್ಲ. ಸಹಿ ಹಾಕಿದ ನನಗೂ ಗೊತ್ತಾಗಲಿಲ್ಲ.

ಶಿಕ್ಷಕರನ್ನು ದೂರುವ ಪತ್ರ ಅಲ್ಲ ಇದು. ಅವರಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ತಾನೇ? ಎಡಿಎಚ್‌ಡಿ ಅಂದರೆ ಎಲ್ಲರ ಕಣ್ಣಿಗೆ ಬರುವುದು ಬೆಂಚು ಹಾರುವ ಹುಡುಗ. ಹುಡುಗಿಯರಲ್ಲಿ ಗಮನ ನಿಲ್ಲದ ಬಗೆಯೇ ಜಾಸ್ತಿ ಕಾಣುವುದು ಅಂತ ಅದೇ ಕೈಪಿಡಿ ಹೇಳುತ್ತದೆ. ಮಕ್ಕಳಲ್ಲಿ ಸುಮಾರು ಶೇ 5ರಷ್ಟು ಜನರಿಗೆ ಎಡಿಎಚ್‌ಡಿ ಇರುತ್ತದೆ ಅಂತಲೂ 2013ರ ಆವೃತ್ತಿ ಬರೆದಿದೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಗಲಾಟೆ ಮಾಡುವವನು ಸಿಕ್ಕಿಬೀಳುತ್ತಾನೆ. ಇನ್ನೊಬ್ಬಳು ಕಿಟಕಿ ಕಡೆ ನೋಡುತ್ತಾ ಪಾಸಾಗುತ್ತಲೋ ಫೇಲಾಗುತ್ತಲೋ ಮುಂದೆ ಹೋಗುತ್ತಾಳೆ.

ಹಾಗಂತ ಕಂಡ ಕಂಡ ಮಕ್ಕಳಿಗೆಲ್ಲ ಹಣೆಪಟ್ಟಿ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಗಮನದ್ದಾಗಲಿ, ಓಡಾಟದ್ದಾಗಲಿ, ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು ಇರಬೇಕು, ಆರು ತಿಂಗಳಾದರೂ ಇರಬೇಕು, 12 ವರ್ಷದೊಳಗೇ ಕೆಲವಾದರೂ ಶುರುವಾಗಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು, ಅದರಿಂದ ಮಗುವಿಗೆ ತೊಂದರೆ ಆಗಿರಬೇಕು. ಕಣ್ಣು, ಕಿವಿ, ನಿದ್ದೆ, ರಕ್ತಹೀನತೆ ಎಲ್ಲ ನೋಡಿ ಆಮೇಲೆ ವೈದ್ಯರು ನಿರ್ಧರಿಸುತ್ತಾರೆ. ಶಿಕ್ಷಕರು ಮಾಡಬೇಕಾದ್ದು ಒಂದೇ: ಈ ಮಗುವನ್ನು ಒಮ್ಮೆ ತೋರಿಸಿ ಅನ್ನುವುದು.

ಅದಕ್ಕೆ ದಾರಿ ಸರ್ಕಾರದ ಕಾಗದದಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯನ್ನೂ ಸೇರಿಸಿದೆ. ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ತಂಡ ಬರಬೇಕು. ಆದರೆ ಒಂದು ದಿನ ಬಂದು ತೂಕ, ಹಲ್ಲು, ಕಣ್ಣು ನೋಡುವವರಿಗೆ ಸುಮ್ಮನೆ ಕೂತ ಮಗುವಿನ ತಲೆಯೊಳಗೆ ಏನಾಗುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ವರ್ಷಪೂರ್ತಿ ನೋಡಿದ ಕ್ಲಾಸ್ ಟೀಚರಿಗೆ ಗೊತ್ತಿರುತ್ತದೆ. ತಂಡ ಬರುವ ಮುಂಚೆ ಅವರಿಗೆ ಒಂದು ಪುಟದ ಪ್ರಶ್ನಾವಳಿ ಕೊಡಿಸಿ. ಬೆಂಚು ಹಾರುವುದನ್ನು ಮಾತ್ರ ಕೇಳಬೇಡಿ. ವಸ್ತು ಕಳೆಯುವುದು, ಅರ್ಧಕ್ಕೆ ಬಿಡುವುದು, ಹೆಸರು ಹಿಡಿದು ಕರೆದರೂ ಕೇಳಿಸದಂತೆ ಇರುವುದು, ಇವನ್ನೂ ಕೇಳಿ. ಶಿಕ್ಷಕರ ತರಬೇತಿಯಲ್ಲಿ ಒಂದು ದಿನ ಮೂರೂ ಬಗೆಗಳ ಬಗ್ಗೆ ಹೇಳಿಸಿ. ನಿಮ್ಹಾನ್ಸ್ ನಮ್ಮದೇ ರಾಜಧಾನಿಯಲ್ಲಿದೆ, ಹೇಳಿಕೊಡುವವರಿಗೆ ಬರವಿಲ್ಲ.

ಮಾತ್ರೆಯ ಕಥೆ ಬೇರೆಯೇ ಇದೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಪಟ್ಟಿಯದ್ದು. ಮಾರಲು ಬೇರೆ ಲೈಸೆನ್ಸ್ ಬೇಕು, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ನಮ್ಮೂರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಆರೋಗ್ಯ ಸಚಿವರಿಗೆ ಇನ್ನೊಂದು ಪತ್ರ ಬರೆಯುತ್ತೇನೆ ಬಿಡಿ.

ನಿಮ್ಮಿಂದಲೇ ಆಗಬೇಕಾದ್ದು ಪರೀಕ್ಷೆಯ ವಿಷಯ. ಮಗಳು ಈಗ ಎಸ್ಸೆಸ್ಸೆಲ್ಸಿ. ಸ್ವಲ್ಪ ಹೆಚ್ಚುವರಿ ಸಮಯ ಮತ್ತು ಜನ ಕಡಿಮೆ ಇರುವ ಕೊಠಡಿ ಕೊಟ್ಟರೆ ಅನುಕೂಲ ಅಂತ ವೈದ್ಯರು ಬರೆದುಕೊಟ್ಟರು. ಮುಖ್ಯೋಪಾಧ್ಯಾಯರು ಪತ್ರ ಓದಿ, ಪಾಪ, ಬೇಜಾರು ಮಾಡಿಕೊಂಡೇ ಹೇಳಿದರು, "ಈ ಹೆಸರು ಪಟ್ಟಿಯಲ್ಲಿ ಇಲ್ಲಮ್ಮ." ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಇಲ್ಲ. ಆರೋಗ್ಯ ತಪಾಸಣೆಗೆ ಬೇಕಾದ ಹೆಸರು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಡೆಯುವುದಿಲ್ಲ. ಬೇರೆ ತೊಂದರೆಗಳನ್ನೂ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸೇರಿಸಬಹುದು ಅಂತ ಅದೇ ಕಾಯ್ದೆ ಹೇಳುತ್ತದೆ. ನೀವು ದೆಹಲಿಗೆ ಬರೆಯಿರಿ. ಆದರೆ ಅಲ್ಲಿಂದ ಉತ್ತರ ಬರುವವರೆಗೆ ಕಾಯಬೇಡಿ. ಎಸ್ಸೆಸ್ಸೆಲ್ಸಿ ನಡೆಸುವ ಮಂಡಳಿ ನಿಮ್ಮ ಇಲಾಖೆಯದ್ದೇ ಅಲ್ವಾ?

ಒಬ್ಬರು ನನಗೆ ಉಪಾಯವನ್ನೂ ಹೇಳಿಕೊಟ್ಟರು. "ಸುಮ್ನೆ ಕಲಿಕಾ ನ್ಯೂನತೆ ಅಂತ ಸರ್ಟಿಫಿಕೇಟ್ ಮಾಡಿಸಿಬಿಡಿ, ಕೆಲಸ ಆಗುತ್ತೆ." ಕೆಲವು ಮಕ್ಕಳಿಗೆ ಎರಡೂ ಇರುತ್ತದೆ, ಅವರಿಗೆ ಅದು ಸರಿ. ನನ್ನ ಮಗಳಿಗೆ ಓದಲು ಬರುತ್ತದೆ, ಬರೆಯಲು ಬರುತ್ತದೆ. ಇಲ್ಲದ ಕಾಯಿಲೆಯ ಹೆಸರಲ್ಲಿ ಅವಳಿಗೆ ಸಮಯ ಸಿಗುತ್ತದೆ, ಇರುವ ಕಾಯಿಲೆಯ ಹೆಸರಲ್ಲಿ ಸಿಗುವುದಿಲ್ಲ. ಈ ಮಾತು ಅವಳ ಕಿವಿಗೂ ಬಿತ್ತು. "ಬೇಡಮ್ಮ, ಇರೋ ಟೈಮಲ್ಲೇ ಬರೀತೀನಿ" ಅಂದಳು. ಈಗ ಪ್ರತಿ ಭಾನುವಾರ ಗಡಿಯಾರ ಮುಂದಿಟ್ಟುಕೊಂಡು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾಳೆ. ಬರೆದು ಮುಗಿಸಿದ ಮೇಲೆ ಕೊನೆ ಹಾಳೆಯನ್ನು ತಿರುಗಿಸಿ ನೋಡುತ್ತಾಳೆ, ಹಿಂದೆ ಏನಾದರೂ ಉಳಿದಿದೆಯಾ ಅಂತ. ಎರಡು ಸಲ.

ಪರೀಕ್ಷೆ ಮಾರ್ಚ್‌ನಲ್ಲಿ. ಆದೇಶ ಅದಕ್ಕೆ ಮೊದಲು ಬಂದರೆ ಚೆನ್ನಾಗಿತ್ತು.

ಇಂತಿ ನಿಮ್ಮ,
ಅರಸೀಕೆರೆ ಕಡೆಯ ಒಬ್ಬ ತಾಯಿ