ಹೊರಗಿನ ಗೆರೆ ನೋಡಿ ಒಳಗಿನ ಕೊಯ್ತ ತಿಳಿಯದು

ಮಾನ್ಯ ಸಂಪಾದಕರೇ,

ಸಿಸೇರಿಯನ್ ಹೆರಿಗೆಗಳು ಹೆಚ್ಚುತ್ತಿರುವ ಸುದ್ದಿ ಬಂದಾಗಲೆಲ್ಲ ಚರ್ಚೆಯು ಖಾಸಗಿ ಆಸ್ಪತ್ರೆಗಳ ಹಣದಾಸೆಯ ಬಳಿಗೆ ಬಂದು ನಿಂತುಬಿಡುತ್ತದೆ. ಆ ದೂರಿಗೆ ಆಧಾರವಿಲ್ಲದೆ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 21.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ 14.3 ಇದ್ದರೆ ಖಾಸಗಿಯಲ್ಲಿ ಶೇ 47.4 ಇತ್ತು. ಕರ್ನಾಟಕದ ಒಟ್ಟು ಪ್ರಮಾಣ ಆಗ ಶೇ 31.5. ಆದರೂ ಹೆರಿಗೆ ವಾರ್ಡಿನಲ್ಲಿ ಬಹುಕಾಲ ದುಡಿದ ನನಗೆ, ಎಲ್ಲವನ್ನೂ ಹಣದ ಲೆಕ್ಕಕ್ಕೇ ಹಚ್ಚುವುದು ಸರಿಯೆನಿಸುವುದಿಲ್ಲ.

ಒಬ್ಬರೇ ಪ್ರಸೂತಿ ತಜ್ಞರು, ಕರೆದಾಗ ಮಾತ್ರ ಬರುವ ಅರಿವಳಿಕೆ ವೈದ್ಯರು ಇರುವ ಸಣ್ಣ ಆಸ್ಪತ್ರೆಯಲ್ಲಿ, ರಾತ್ರಿಯಿಡೀ ನೋವು ತಿನ್ನುವ ಗರ್ಭಿಣಿಯ ಪಕ್ಕದಲ್ಲಿ ಕಾಯುವ ಧೈರ್ಯ ಎಷ್ಟು ಜನರಿಗಿದ್ದೀತು? ಮಗುವಿನ ಎದೆಬಡಿತ ತುಸು ಇಳಿದರೂ, ಮುಂದೆ ಏನಾದರೂ ಆದರೆ ಸಂಬಂಧಿಕರು ಮೈಮೇಲೆ ಬಂದಾರೆಂಬ ಅಂಜಿಕೆ ವೈದ್ಯರಿಗೆ. ನೋವು ತಗ್ಗಿಸುವ ಎಪಿಡ್ಯೂರಲ್ ಸೌಲಭ್ಯ ಬಹಳ ಕಡೆ ಇಲ್ಲದ್ದರಿಂದ 'ಆಪರೇಶನ್ನೇ ಮಾಡಿಬಿಡಿ' ಎನ್ನುವ ಬೇಡಿಕೆ ಮನೆಯವರದು. ಒಳ್ಳೆಯ ನಕ್ಷತ್ರ ನೋಡಿ ಗಳಿಗೆ ಗೊತ್ತುಮಾಡಿಕೊಂಡು ಬರುವವರೂ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ಕಾರಣವೆಂದರೆ ಮೊದಲ ಸಿಸೇರಿಯನ್: ಒಮ್ಮೆ ಆದವರಿಗೆ ಮತ್ತೊಮ್ಮೆಯೂ ಅದೇ ಆಗುವುದು ಹೆಚ್ಚು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಹೊಟ್ಟೆಯ ಮೇಲೆ ಕಾಣುವ ಗೆರೆ ಬೇರೆ, ಗರ್ಭಕೋಶದ ಮೇಲಿನ ಕೊಯ್ತ ಬೇರೆ. ಜರ್ಮನಿಯ ಪ್ಫಾನೆನ್‌ಸ್ಟೀಲ್ ಎಂಬ ವೈದ್ಯರು 1900ರಲ್ಲಿ ವಿವರಿಸಿದ, ಕಿಬ್ಬೊಟ್ಟೆಯ ಕೆಳಗೆ ಅಡ್ಡಡ್ಡಲಾಗಿ ಕೊಯ್ಯುವ ವಿಧಾನವೇ ಇಂದು ಹೆಚ್ಚು ಬಳಕೆಯಲ್ಲಿದೆ. ಆ ಕಲೆ ಬಟ್ಟೆಯ ಮರೆಯಲ್ಲಿ ಉಳಿದು, ಕ್ರಮೇಣ ಮಸುಕಾಗುತ್ತದೆ. ಹೊಕ್ಕುಳಿನ ಕೆಳಗಿನಿಂದ ಉದ್ದಕ್ಕೆ ಇಳಿಯುವ ಗೆರೆ ಹಿಂದೆ ಸಾಮಾನ್ಯವಾಗಿತ್ತು, ಈಗಲೂ ತುರ್ತಿನಲ್ಲಿ ಬೇಕಾಗುವುದುಂಟು. ಕೆಲವರ ಚರ್ಮದ ಗುಣಕ್ಕೆ ಕಲೆ ದಪ್ಪಗೆ ಉಬ್ಬಿ ತುರಿಸುತ್ತದೆ. ಆದರೆ ಇವೆಲ್ಲ ಚರ್ಮದ ಮಾತಾಯಿತು.

ಒಳಗೆ, ಗರ್ಭಕೋಶದ ಕೆಳಭಾಗ ತೆಳುವಾಗಿದ್ದು ನೋವಿನ ವೇಳೆ ಹೆಚ್ಚು ಬಿಗಿಯುವುದಿಲ್ಲ. ಅಲ್ಲಿ ಅಡ್ಡಕ್ಕೆ ಕೊಯ್ದ ಗಾಯ ಗಟ್ಟಿಯಾಗಿ ಕೂಡುತ್ತದೆ. ಮುಂದಿನ ಹೆರಿಗೆಯಲ್ಲಿ ಅದು ಬಿರಿಯುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕೇ ಇಂಥವರಲ್ಲಿ ಹಲವರು, ತುರ್ತು ಶಸ್ತ್ರಚಿಕಿತ್ಸೆಗೆ ಸಿದ್ಧವಿರುವ ಆಸ್ಪತ್ರೆಯಲ್ಲಿ, ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಆದರೆ ತಿಂಗಳು ತುಂಬುವುದಕ್ಕೆ ಬಹಳ ಮೊದಲೇ ಮಗುವನ್ನು ತೆಗೆಯಬೇಕಾದಾಗ ಆ ಕೆಳಭಾಗ ಇನ್ನೂ ರೂಪುಗೊಂಡಿರುವುದಿಲ್ಲ. ಆಗ, ಅಥವಾ ಮಗು ಅಡ್ಡ ಮಲಗಿದ್ದಾಗ, ಮೇಲಿನ ದಪ್ಪ ಸ್ನಾಯುವಿನಲ್ಲಿ ಉದ್ದಕ್ಕೆ ಕೊಯ್ಯಬೇಕಾಗಬಹುದು. ಅಂಥ ಗಾಯ ಬಿರಿಯುವ ಅಪಾಯ ಹಲವು ಪಟ್ಟು ಹೆಚ್ಚಾದ್ದರಿಂದ ಮುಂದಿನ ಬಾರಿ ನೋವು ಶುರುವಾಗಲು ಬಿಡದೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಹೊರಗೆ ಅಡ್ಡಗೆರೆ ಇದ್ದವಳಿಗೂ ಒಳಗೆ ಉದ್ದ ಕೊಯ್ತ ಇರಬಹುದು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಊರಿನಲ್ಲಿ. ಮೊದಲ ಡಿಸ್ಚಾರ್ಜ್ ಚೀಟಿ ತವರಿನ ಟ್ರಂಕಿನಲ್ಲೇ ಉಳಿದಿರುತ್ತದೆ. ಹೋದಸಲ ಯಾಕೆ ಆಪರೇಶನ್ ಮಾಡಿದರಮ್ಮ ಎಂದು ಕೇಳಿದರೆ 'ನೀರು ಕಮ್ಮಿ ಅಂದ್ರು' ಎಂಬುದಕ್ಕಿಂತ ಹೆಚ್ಚಿನ ಉತ್ತರ ನನಗೆ ಸಿಕ್ಕಿದ್ದು ಅಪರೂಪ. ದಾಖಲೆಯಿಲ್ಲದಾಗ ವೈದ್ಯರು ಅಪಾಯಕ್ಕೆ ಕೈಹಾಕದೆ ಮತ್ತೆ ಸಿಸೇರಿಯನ್ನನ್ನೇ ಆರಿಸಿಕೊಂಡರೆ ಅವರನ್ನು ದೂರಲಾಗದು. ಕೊಯ್ತಗಳು ಹೆಚ್ಚಿದಷ್ಟೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಂಡು ವಿಪರೀತ ರಕ್ತಸ್ರಾವವಾಗುವ ಭಯ ಏರುತ್ತದೆ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ಸಿಸೇರಿಯನ್ ಯಾವ ಕಾರಣಕ್ಕೆ ಆಯಿತು, ಗರ್ಭಕೋಶದಲ್ಲಿ ಕೊಯ್ತ ಎಲ್ಲಿ, ಯಾವ ದಿಕ್ಕಿಗೆ, ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂಬುದನ್ನು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು. ಅದು ಆಗುವವರೆಗೆ, ಮಗಳನ್ನು ಬಾಣಂತನ ಮುಗಿಸಿ ಕಳಿಸುವ ತಾಯಂದಿರು ಆ ಡಿಸ್ಚಾರ್ಜ್ ಚೀಟಿಯ ಫೋಟೊವನ್ನು ಅಳಿಯನ ಮೊಬೈಲಿಗೂ ಹಾಕಿಡಲಿ.

– ನಿವೃತ್ತ ಶುಶ್ರೂಷಕಿ, ಹಾವೇರಿ