ಅಂಕಕ್ಕಿಂತ ಮೊದಲು ತಪ್ಪನ್ನು ಓದೋಣ

ಮಾನ್ಯರೇ,

ಮಗು ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಇರುವ ರೂಪಣಾತ್ಮಕ ಮೌಲ್ಯಮಾಪನ ಹಲವು ಶಾಲೆಗಳಲ್ಲಿ ಅಂಕ ನಮೂದಿಸುವ ಕೆಲಸವಾಗಿಬಿಟ್ಟಿದೆ.

52ರಲ್ಲಿ 27 ಕಳೆಯುವ ಲೆಕ್ಕವನ್ನೇ ನೋಡಿ. ಒಂದು ಮಗು 35 ಎಂದು ಬರೆಯುತ್ತದೆ, ಇನ್ನೊಂದು 26. ಇಬ್ಬರಿಗೂ ಸೊನ್ನೆ. ಆದರೆ ಮೊದಲನೆಯ ಮಗು ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದಿದೆ. ದಶಕ ಬಿಡಿಸುವುದು, ಅಂದರೆ ಒಂದು ಹತ್ತನ್ನು ಹತ್ತು ಬಿಡಿಗಳಾಗಿ ಮಾಡಿಕೊಳ್ಳುವುದು, ಅದಕ್ಕೆ ಗೊತ್ತಿಲ್ಲ. ಹತ್ತು ಕಡ್ಡಿಗಳ ಒಂದು ಕಟ್ಟು ಬಿಚ್ಚಿ ತೋರಿಸಿದರೆ ತಿಳಿದೀತು. ಎರಡನೆಯದು ಬಹುಶಃ ಎಣಿಕೆಯಲ್ಲಿ ಒಂದು ತಪ್ಪಿದೆ, ಅಷ್ಟೇ. ಇಬ್ಬರಿಗೂ ಅದೇ ಪಾಠವನ್ನು ಮತ್ತೆ ಮಾಡುವುದು ಪರಿಹಾರ ಬೋಧನೆಯಲ್ಲ; ಆಯಾ ಮಗುವಿನ ತೊಡಕನ್ನು ನೀಗಿಸುವ ಪಾಠವೇ ಪರಿಹಾರ ಬೋಧನೆ.

ಒಂದೇ ಲೆಕ್ಕದಿಂದ ಇದು ಖಚಿತವಾಗುವುದಿಲ್ಲ. 58–23, 52–27, 50–27 ಮೂರನ್ನೂ ಒಟ್ಟಿಗೆ ಕೊಡಬೇಕು. ಮೊದಲನೆಯದು ಸರಿ, ಉಳಿದವುಗಳಿಗೆ 35 ಮತ್ತು 37 ಬಂದರೆ ತೊಡಕು ದಶಕದಲ್ಲೇ ಇದೆ. ಇಂಥ ಪ್ರಶ್ನೆ ರಚಿಸುವುದು ಕಲಿತು ಬರುವ ಕೌಶಲ. ಸುತ್ತೋಲೆ ಓದಿದರೆ ಬರುವಂಥದ್ದಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ಅದರಲ್ಲಿ ಒಂದು ಪಾಲನ್ನು ಕ್ಲಸ್ಟರ್ ಸಮಾಲೋಚನಾ ಸಭೆಗಳಿಗೆ (ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಸಭೆಗಳಿಗೆ) ಮೀಸಲಿಡಲಿ. ಪ್ರತಿ ಶಿಕ್ಷಕರು ಮಕ್ಕಳ ಹೆಸರು ಮರೆಮಾಡಿದ ಐದು ಉತ್ತರಪತ್ರಿಕೆ ತರಲಿ. ಒಂದು ಗಂಟೆ ತಪ್ಪುಗಳನ್ನು ಬಗೆವಾರು ವಿಂಗಡಿಸಿ, ಪ್ರತಿ ಬಗೆಗೂ ಒಂದು ಚಟುವಟಿಕೆ ಬರೆದುಕೊಳ್ಳಲಿ. ಆ ದಿನ ವರದಿ, ನಮೂನೆ ಕೇಳದಂತೆ ಇಲಾಖೆ ಸೂಚಿಸಬೇಕು.

– ಗಣಿತ ಶಿಕ್ಷಕ, ಹಾವೇರಿ ಜಿಲ್ಲೆ