ಚಿತ್ರದ ಬೆನ್ನು ನೋಡೋ ಕೆಲಸ

ಆಮ್‌ಸ್ಟರ್‌ಡ್ಯಾಂ
ಭಾನುವಾರ ರಾತ್ರಿ

ತೀರ್ಥರೂಪರವರಿಗೆ ನಮಸ್ಕಾರಗಳು. ನಾನು ಕ್ಷೇಮ. ಅಮ್ಮ ಕೊಟ್ಟು ಕಳಿಸಿದ ಹುಣಸೆ ತೊಕ್ಕು ಸೋರದೆ ಬಂತು, ಅರ್ಧ ಆಗಲೇ ಮುಗಿದಿದೆ.

ಮೊನ್ನೆ ಫೋನಿನಲ್ಲಿ ನೀವು, "ಹಳೇ ಪಟದಲ್ಲಿ ಇರೋರು ಯಾರು, ಅದು ಯಾರ ಮನೇದು ಅಂತ ಹುಡುಕೋದೂ ಒಂದು ಉದ್ಯೋಗವೇನಮ್ಮ?" ಅಂದಿರಿ. ಉತ್ತರ ಹೇಳೋಷ್ಟರಲ್ಲಿ ಲೈನ್ ಕಟ್ಟಾಯಿತು. ಮೂವತ್ತು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವರು ನೀವು, ನಿಮಗೆ ಎರಡೇ ಮಾತು ಸಾಕು: ಇದೂ ಆಸ್ತಿ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಇ.ಸಿ. ತೆಗೆಯೋ ಕೆಲಸವೇ. ಸರ್ವೆ ನಂಬರಿನ ಜಾಗದಲ್ಲಿ ಚಿತ್ರ, ಅಷ್ಟೆ.

ಈಗ ನಮ್ಮ ಸ್ಟುಡಿಯೋದಲ್ಲಿ ಒಬ್ಬ ಹೆಂಗಸಿನ ಚಿತ್ರವಿದೆ. ಓಕ್ ಹಲಗೆ ಮೇಲೆ ಬರೆದದ್ದು, ಸಹಿ ಇಲ್ಲ. ನೋಡೋಕೆ ಬಂದವರೆಲ್ಲ ಮುಖ ನೋಡುತ್ತಾರೆ, ನಾವು ಮೊದಲು ಬೆನ್ನು ತಿರುಗಿಸುತ್ತೇವೆ. ಒಡೆದ ಅರಗಿನ ಮುದ್ರೆ, ಸೀಮೆಸುಣ್ಣದ ಅಂಕಿ, ಹುಳು ಕೊರೆದ ತೂತು, ಒಂದು ಹರುಕು ಚೀಟಿ. ಆ ಚೀಟಿಯ ನಂಬರು ಹರಾಜಿನದು ಅಂದುಕೊಂಡು ಎರಡು ದಿನ ಹಳೇ ಕ್ಯಾಟಲಾಗುಗಳನ್ನು ಕೆದಕಿದೆ. ಕೊನೆಗೆ ನೋಡಿದರೆ ಸಾಮಾನು ಸಾಗಿಸುವವರು ಅಂಟಿಸಿದ್ದು! ಹಲಗೆಯಲ್ಲಿ ಕಾಣೋ ಮರದ ಬೆಳವಣಿಗೆಯ ಉಂಗುರ ಎಣಿಸಿದರೆ ಮರವನ್ನು ಯಾವ ಕಾಲಕ್ಕಿಂತ ಮುಂಚೆ ಕಡಿದಿರಲಾರರು ಅಂತ ಹೇಳಬಹುದು, ಬರೆದವನ ಹೆಸರು ಅದರಲ್ಲಿ ಸಿಗೋಲ್ಲ. ಜೋಡಿ ಚಿತ್ರಗಳಲ್ಲಿ ಸಾಮಾನ್ಯವಾಗಿ ನೋಡುವವರ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಈಕೆ ಎಡಕ್ಕೆ ತಿರುಗಿದ್ದಾಳೆ. ಬಹುಶಃ ಗಂಡನ ಹಲಗೆ ಯಾವುದೋ ಪಾಲಿನಲ್ಲಿ ಬೇರೆಯಾಗಿ ಹೋಗಿರಬೇಕು.

ನಿಮಗೆ ಖುಷಿಯಾಗೋ ಒಂದು ಪ್ರಕರಣ ಹೇಳುತ್ತೇನೆ. ಇಲ್ಲಿಯ ಹೆಸರಾಂತ ಚಿತ್ರಕಾರ ರೆಂಬ್ರಾಂಟ್ 1634ರಲ್ಲಿ ಬರೆದ ಗಂಡ ಹೆಂಡತಿ ಜೋಡಿಯನ್ನು ಇಲ್ಲಿಯ ರೈಕ್ಸ್‌ಮ್ಯೂಸಿಯಂನಲ್ಲಿ ನೋಡಿದೆ. ಎರಡು ಮೀಟರ್ ಮೀರಿದ ಆಳೆತ್ತರದ ಚಿತ್ರಗಳು. ಅವನ ಬೂಟಿನ ಮೇಲೆ ಸೇವಂತಿಗೆಯಷ್ಟು ದೊಡ್ಡ ಲೇಸಿನ ಕುಚ್ಚು. ಅವಳ ಕೈಯಲ್ಲಿ ಗರಿಯ ಬೀಸಣಿಗೆ, ಹಣೆಯ ಪಕ್ಕ ಒಂದು ಕಪ್ಪು ಚುಕ್ಕೆ. ಅಮ್ಮನಿಗೆ ಹೇಳಿ, ದೃಷ್ಟಿಬೊಟ್ಟಲ್ಲ, ಆಗಿನ ಫ್ಯಾಷನ್ನು.

ಇವರನ್ನು ಬಹಳ ಕಾಲ ಮಾರ್ಟೆನ್ ಡೇಯ್ ಮತ್ತು ಅವನ ಹೆಂಡತಿ ಮಾಖ್‌ಟೆಲ್ಡ್ ಅಂತಲೇ ಕರೆಯುತ್ತಿದ್ದರು. 1956ರಲ್ಲಿ ಇದೇ ಊರಿನ ದಫ್ತರಖಾನೆಯ ಇಸಾಬೆಲ್ಲಾ ಫಾನ್ ಏಘೆನ್ ಅನ್ನುವವರು ಹಳೇ ಕಾಗದ ತಿರುವಿ, ಇವರು ಅವರಲ್ಲ ಅಂದರು. ಚಿತ್ರದಲ್ಲಿರೋದು ಮಾರ್ಟೆನ್ ಸೋಲ್ಮನ್ಸ್ ಮತ್ತು ಓಪ್ಯೆನ್ ಕೊಪ್ಪಿಟ್. 1633ರಲ್ಲಿ ಇವರ ಮದುವೆ. 1641ರಲ್ಲಿ ಅವನು ತೀರಿಕೊಂಡ. 1647ರಲ್ಲಿ ಓಪ್ಯೆನ್ ಮತ್ತೆ ಮದುವೆಯಾದಳು. ಯಾರನ್ನು? ಈ ಡೇಯ್‌ನನ್ನೇ! ಮಾಖ್‌ಟೆಲ್ಡ್ ಅವನ ಮೊದಲ ಹೆಂಡತಿ. ಚಿತ್ರಗಳು ಓಪ್ಯೆನ್ ಜೊತೆ ಆ ಮನೆ ಸೇರಿ, ಡೇಯ್ ವಂಶದಲ್ಲೇ ಪೌತಿಯಾಗಿ ಇಳಿದವು. ಸಾಲದ್ದಕ್ಕೆ ಇಬ್ಬರು ಗಂಡಂದಿರಿಗೂ ಮಾರ್ಟೆನ್ ಅಂತಲೇ ಹೆಸರು. ಪೌತಿ ಖಾತೆ ಮಾಡುವಾಗ ತಾಯಿಯ ಮೊದಲ ಸಂಬಂಧ ಬಿಟ್ಟುಹೋದರೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಮೇಲೆ ಚಿತ್ರಗಳು ಫಾನ್ ವಿಂಟರ್, ಫಾನ್ ಲೋನ್ ಮನೆತನಗಳ ಕೈಗೆ, 1877ರಲ್ಲಿ ಪ್ಯಾರಿಸ್ಸಿನ ಬ್ಯಾಂಕರ್ ಮನೆತನ ರಾಥ್‌ಸ್‌ಚೈಲ್ಡ್‌ಗಳ ಕೈಗೆ ಹೋದವು. 2016ರಲ್ಲಿ ಎರಡು ಸರ್ಕಾರ ಸೇರಿ 16 ಕೋಟಿ ಯೂರೋಗೆ ಕೊಂಡವು. ಗಂಡ ನೆದರ್‌ಲ್ಯಾಂಡ್ಸ್ ಪಾಲಿಗೆ, ಹೆಂಡತಿ ಫ್ರಾನ್ಸ್ ಪಾಲಿಗೆ. ಆದರೆ ಇಬ್ಬರನ್ನೂ ಜೊತೆಯಾಗಿಯೇ ಇಡಬೇಕೆಂದು ಕರಾರು. ಈ ಜಂಟಿ ಖಾತೆ ನೋಡಿ ನೀವು ನಗುತ್ತೀರಿ.

ಎಲ್ಲ ಚಿತ್ರಗಳ ಸರಪಳಿಯೂ ಹೀಗೆ ಸಿಗೋಲ್ಲ. ನಡುವೆ 1933ರಿಂದ 1945ರವರೆಗೆ ಖಾಲಿ ಬಿಟ್ಟಿದ್ದರೆ ನಮಗೆ ಎದೆ ಡವಡವ. ಆಗ ನಾಜಿಗಳು ಯಹೂದಿ ಮನೆಗಳಿಂದ ಕಿತ್ತುಕೊಂಡ, ಹೆದರಿಸಿ ಅಗ್ಗಕ್ಕೆ ಬರೆಸಿಕೊಂಡ ಚಿತ್ರಗಳು ಲೆಕ್ಕವಿಲ್ಲದಷ್ಟು. ನಮ್ಮ ಹೆಂಗಸಿಗೂ ಆ ಕಾಲದ ಕಾಗದ ಇನ್ನೂ ಸಿಕ್ಕಿಲ್ಲ. ಮುಂದಿನ ವಾರ ಹೇಗ್‌ನಲ್ಲಿರೋ ಆರ್‌ಕೆಡಿ ಅನ್ನೋ ಕಲಾ ಇತಿಹಾಸದ ದಾಖಲೆ ಸಂಸ್ಥೆಗೆ ಹೋಗುತ್ತೇನೆ. ಅಲ್ಲಿ ಹಳೇ ಚಿತ್ರಗಳ ಫೋಟೋ, ಕೈಬರಹದ ಕಾರ್ಡುಗಳ ರಾಶಿಯೇ ಇದೆ.

ಅಂದ ಹಾಗೆ, ನಡುಮನೆಯಲ್ಲಿ ಮುತ್ತಜ್ಜ ಅಂತ ಹಾರ ಹಾಕ್ತೀವಲ್ಲ, ಆ ಫೋಟೋ. "ಅವರಿಗೆ ಮೀಸೆ ಇರಲೇ ಇಲ್ಲ" ಅಂತ ಅಜ್ಜಿ ಗೊಣಗುತ್ತಿದ್ದಳು. ಒಮ್ಮೆ ಇಳಿಸಿ, ಹಿಂಭಾಗದ ಚಿತ್ರ ತೆಗೆದು ವಾಟ್ಸಾಪ್ ಮಾಡಿ. ಕಟ್ಟಿನ ಮೊಳೆ ಸಡಿಲವಾಗಿದೆ, ಜೋಪಾನ.

ನಿಮ್ಮ ಮಗಳು